ವೀಸಾದ ತಾರೀಖು ಬೇರೆ, ಐ-94ರ ತಾರೀಖು ಬೇರೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಗಡಿ ಭದ್ರತೆ ಅಂದರೆ ಟೀವಿಯಲ್ಲಿ ಮೆಕ್ಸಿಕೋ ಕಡೆಯ ಬೇಲಿ ತೋರಿಸುತ್ತಾರೆ. ಬೆಂಗಳೂರಿನಿಂದ ಬಂದಿಳಿಯುವವರ ಪಾಲಿಗೆ ವಿಮಾನ ನಿಲ್ದಾಣದ ಕೌಂಟರೇ ಗಡಿ. ಅಲ್ಲಿನ ಅಧಿಕಾರಿ ಒಂದೆರಡು ನಿಮಿಷದಲ್ಲಿ ಹಾಕುವ ತಾರೀಖಿನ ಬಗ್ಗೆಯಷ್ಟೇ ಇವತ್ತು ಮಾತಾಡುತ್ತೇನೆ.

2003ರಲ್ಲಿ ವಲಸೆ ನೋಡಿಕೊಳ್ಳುತ್ತಿದ್ದ ಹಳೆಯ ಐಎನ್‌ಎಸ್ ಇಲಾಖೆಯ ಕೆಲಸ ಮೂರು ಪಾಲಾಯಿತು. ತಪಾಸಣೆ ಮಾಡಿ ಒಳಬಿಡುವುದು ಸಿಬಿಪಿ, ಅರ್ಜಿ ನೋಡುವುದು ಯುಎಸ್‌ಸಿಐಎಸ್, ಒಳಗಿರುವವರನ್ನು ಹಿಡಿದು ಕಳಿಸುವುದು ಐಸ್. ವೀಸಾ ಅಂಟಿಸುವ ಕಾನ್ಸುಲೇಟ್ ಈ ಮೂರಕ್ಕೂ ಸೇರಿದ್ದಲ್ಲ, ವಿದೇಶಾಂಗ ಇಲಾಖೆಯದು. ಹಾಗಾಗಿ ವೀಸಾ ನಿಮ್ಮನ್ನು ಬಾಗಿಲವರೆಗೆ ತರುತ್ತದೆ, ಅಷ್ಟೆ. ಎಷ್ಟು ದಿನ ಇರಬಹುದು ಎಂದು ಹೇಳುವುದು ಐ-94, ಅಂದರೆ ಕೌಂಟರಿನ ಅಧಿಕಾರಿ ತಾರೀಖು ಹಾಕುವ ದಾಖಲೆ. ಮೊದಲು ಅದೊಂದು ಬಿಳಿ ಚೀಟಿ, ಪಾಸ್‌ಪೋರ್ಟಿಗೆ ಪಿನ್ನು ಹೊಡೆದು ಕೊಡುತ್ತಿದ್ದರು. ವಿಮಾನದಲ್ಲಿ ಬಂದವರಿಗೆ 2013ರಿಂದ ಅದು ಕಂಪ್ಯೂಟರಿನಲ್ಲಿದೆ. ಕೈಗೆ ಏನೂ ಸಿಗದ ಕಾರಣ ನೋಡುವವರೂ ಕಡಿಮೆ.

ಊರಿಂದ ಬಂದ ಅಪ್ಪ ಅಮ್ಮನಿಗೆ 10 ವರ್ಷದ ವೀಸಾ ಇದ್ದರೂ ಒಂದು ಸಲಕ್ಕೆ ಸಾಮಾನ್ಯವಾಗಿ ಸಿಗುವುದು 6 ತಿಂಗಳು. ವಿಸ್ತರಣೆಗೆ ಅರ್ಜಿ ಹಾಕದೆ ಆ ತಾರೀಖು ದಾಟಿ ಒಂದೇ ದಿನ ಉಳಿದರೂ ಆ ವೀಸಾ ರದ್ದಾಗುತ್ತದೆ.

ಎಚ್-1ಬಿ, ಅಂದರೆ ಕೆಲಸದ ವೀಸಾದವರು ಸಿಕ್ಕಿಬೀಳುವುದು ಪಾಸ್‌ಪೋರ್ಟಿನಿಂದ. ಹೀಗೆ ಅಂದುಕೊಳ್ಳಿ: ಕಂಪನಿಯ ಅನುಮೋದನೆ, ಅಂದರೆ ಐ-797, 2027ರ ಸೆಪ್ಟೆಂಬರ್ 30ರವರೆಗಿದೆ, ಪಾಸ್‌ಪೋರ್ಟ್ ಮುಗಿಯುವುದು 2026ರ ಮಾರ್ಚ್ 14ಕ್ಕೆ. ಅಧಿಕಾರಿ ಐ-94ಕ್ಕೆ ಮಾರ್ಚ್ 14 ಹಾಕಿಬಿಡಬಹುದು. ನೀವು ಹೊಸ ಪಾಸ್‌ಪೋರ್ಟ್ ಮಾಡಿಸಿ ನಿಶ್ಚಿಂತೆಯಿಂದ ಇರುತ್ತೀರಿ. ಪಾಸ್‌ಪೋರ್ಟ್ ಹೊಸದಾದರೆ ಐ-94 ತಾನಾಗಿ ಉದ್ದವಾಗುವುದಿಲ್ಲ. ಐ-797 ಹಳೆಯದು, ಐ-94 ಅದರ ನಂತರ ಬಂದದ್ದು. ಕೊನೆಯಲ್ಲಿ ಬಂದದ್ದೇ ಲೆಕ್ಕ. ಡ್ರೈವಿಂಗ್ ಲೈಸೆನ್ಸ್ ನವೀಕರಣಕ್ಕೆ ಹೋದಾಗಲೇ ಇದು ಗೊತ್ತಾದವರಿದ್ದಾರೆ.

ಮಾರ್ಚ್ 15ರಿಂದ ಅಕ್ರಮ ವಾಸದ ದಿನಗಳು ಓಡತೊಡಗುತ್ತವೆ. 1996ರ ಕಾನೂನಿನ ಪ್ರಕಾರ 180 ದಿನ ಮೀರಿ, ಒಂದು ವರ್ಷದೊಳಗೆ ದೇಶ ಬಿಟ್ಟರೆ 3 ವರ್ಷ ಒಳಬರುವಂತಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ 10 ವರ್ಷ. ಈ ನಿಷೇಧ ಜಾರಿಯಾಗುವುದು ದೇಶ ಬಿಟ್ಟಾಗ. ತಂಗಿಯ ಮದುವೆಗೆಂದು ಮೈಸೂರಿಗೆ ಹೊರಟವರು ವಾಪಸ್ ಬರಲಾಗದೆ ಉಳಿಯುವುದು ಹೀಗೆಯೇ. 18 ತುಂಬದ ಮಕ್ಕಳಿಗೆ ಈ ದಿನಗಳ ಲೆಕ್ಕವಿಲ್ಲ.

ಇಳಿದ ವಾರದಲ್ಲೇ ಸಿಬಿಪಿಯ ಐ-94 ತಾಣಕ್ಕೆ ಹೋಗಿ, ಮನೆಯವರ ಒಬ್ಬೊಬ್ಬರದನ್ನೂ ಬೇರೆಬೇರೆಯಾಗಿ ಇಳಿಸಿಕೊಳ್ಳಿ. ಹೆಸರು, ವೀಸಾ ವರ್ಗ, ಕೊನೆಯ ತಾರೀಖು, ಮೂರನ್ನೂ ನೋಡಿ. ಎಚ್-4 (ಎಚ್-1ಬಿಯವರ ಸಂಗಾತಿ, ಮಕ್ಕಳ ವರ್ಗ) ಎಂದಿರಬೇಕಾದಲ್ಲಿ ಬಿ-2 (ಪ್ರವಾಸಿಗರ ವರ್ಗ) ಎಂದಿದ್ದರೆ ಅದು ಅವರ ತಪ್ಪು. ಸಿಬಿಪಿಯ ಡೆಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯಲ್ಲಿ ತಿದ್ದಿಸಬಹುದು. ಪಾಸ್‌ಪೋರ್ಟಿನಿಂದಾಗಿ ಕತ್ತರಿಸಿದ್ದರೆ ಅಲ್ಲಿ ತಿದ್ದಿಯೇ ಕೊಡುತ್ತಾರೆಂದು ನಂಬಿ ಕೂರಬೇಡಿ. ಹೊಸ ಪಾಸ್‌ಪೋರ್ಟಿನೊಂದಿಗೆ ಹೊರಹೋಗಿ ಮತ್ತೆ ಬರಬೇಕು, ಇಲ್ಲವೇ ಆ ತಾರೀಖಿಗೆ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಬೇಕು. ಅವಧಿಯೊಳಗೆ ಹಾಕಿದರೆ ಅದೇ ಕಂಪನಿಯಲ್ಲಿ 240 ದಿನದವರೆಗೆ ಕೆಲಸ ಮುಂದುವರಿಸಬಹುದು. ಕಂಪನಿಯ ವಕೀಲರು ಹಾಕುವ ಐ-129 ಅರ್ಜಿ ನಿಮಗೆ ಮಾತ್ರ. ಹೆಂಡತಿ ಮಕ್ಕಳಿಗೆ ಐ-539 ಎಂಬ ಅರ್ಜಿ ಬೇರೆ. ಇದನ್ನು ಮರೆಯುವವರೇ ಹೆಚ್ಚು.

ಕೆಲಸ ಹೋದರೂ ಇಲ್ಲಿ ಉಳಿಯಲು 60 ದಿನ ಇರುತ್ತದಲ್ಲ ಎನ್ನುತ್ತಾರೆ. 2017ರಲ್ಲಿ ಬಂದ ಆ ನಿಯಮದಲ್ಲಿ ಬಾಲವೊಂದಿದೆ: 60 ದಿನ ಅಥವಾ ಐ-94 ಮುಗಿಯುವ ದಿನ, ಯಾವುದು ಮೊದಲೋ ಅದು.

ಮುಂದಿನ ಸಲ ಕೌಂಟರಿನಲ್ಲಿ ನಿಂತಾಗ, ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದ್ದರೆ ಎರಡೂ ಪುಸ್ತಕ ಕೊಡಿ, ಮೇಲೆ ಐ-797 ಇಡಿ. ಹೊಸ ಪಾಸ್‌ಪೋರ್ಟಿನ ಕೊನೆಯ ತಾರೀಖನ್ನು ಬೆರಳಿಟ್ಟು ತೋರಿಸಿ.