ನಿಂತ ಗಾಡಿಗೆ ಬ್ಯಾಟರಿ ಕೊಡುವ ಮೊದಲು

ಕೇಳುಗರಿಗೆ ನಮಸ್ಕಾರ.

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ಎಷ್ಟೋ ತೋಟದ ಮನೆಗಳ ಶೆಡ್ಡಿನಲ್ಲಿ ಗೊಬ್ಬರದ ಮೂಟೆಗಳ ಹಿಂದೆ ಒಂದು ಹಳೇ ಗಾಡಿ ನಿಂತಿರುತ್ತದೆ. ಅಂಬಾಸಿಡರ್, ಪದ್ಮಿನಿ, ಇಲ್ಲವೇ ವಿಲ್ಲೀಸ್ ಜೀಪು. ಅಜ್ಜ ಓಡಿಸಿದ್ದು, ಮಾರಲು ಮನಸ್ಸಿಲ್ಲ, ಓಡಿಸಲು ಪುರಸೊತ್ತಿಲ್ಲ. ಯಾವುದೋ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ಮೊಮ್ಮಗ ಹೊಸ ಬ್ಯಾಟರಿ ತಂದು ಕೂರಿಸಿ ಚಾವಿ ತಿರುಗಿಸುತ್ತಾನೆ. ಹತ್ತು ಮಳೆಗಾಲ ಕೆಡಿಸಲಾರದ ಎಂಜಿನ್ನನ್ನು ಆ ಹತ್ತು ಸೆಕೆಂಡು ಕೆಡಿಸಬಲ್ಲದು. ಹಾಗಾಗದಂತೆ ನಿಂತ ಗಾಡಿಯನ್ನು ಎಬ್ಬಿಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಕೆಲವು ಅಳತೆ ಹೇಳುತ್ತೇನೆ, ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಎಂಜಿನ್ ಯಾಕೆ ತಿರುಗದಂತೆ ಹಿಡಿದುಕೊಳ್ಳುತ್ತದೆ? ನಾಲ್ಕು ಸಿಲಿಂಡರಿನ ಎಂಜಿನ್ ಎಲ್ಲಿ ನಿಂತರೂ ಯಾವುದಾದರೂ ಒಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದಲ್ಲ, ಅದೇ ಥಂಡಿ ಗಾಳಿ ಸೈಲೆನ್ಸರ್ ಮೂಲಕವೋ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಮೂಲಕವೋ ಆ ಸಿಲಿಂಡರಿನೊಳಗೆ ಹೋಗುತ್ತದೆ. ಪಿಸ್ಟನ್ನಿನ ಸುತ್ತ ಇರುವ ರಿಂಗುಗಳೂ ಸಿಲಿಂಡರಿನ ಗೋಡೆಯೂ ಬೀಡು ಕಬ್ಬಿಣ. ಎರಡೂ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಳಿದ ಮೂರು ಸಿಲಿಂಡರ್ ಚೆನ್ನಾಗಿಯೇ ಇರಬಹುದು. ಅಂಥ ಹೊತ್ತಿನಲ್ಲಿ ಸ್ಟಾರ್ಟರ್ ಮೋಟಾರ್ ಬಲವಂತವಾಗಿ ತಿರುಗಿಸಿದರೆ ಅಂಟಿದ ರಿಂಗ್ ತುಂಡಾಗುತ್ತದೆ, ಆ ತುಂಡು ಗೋಡೆಯನ್ನು ಉದ್ದಕ್ಕೂ ಗೀರುತ್ತದೆ. ಎರಡು ದಿನ ಕಾದಿದ್ದರೆ ಎಣ್ಣೆಯಲ್ಲಿ ಮುಗಿಯುತ್ತಿದ್ದ ಕೆಲಸ ಸಿಲಿಂಡರನ್ನು ಕೊರೆದು ಸರಿಮಾಡುವ ಬೋರಿಂಗ್‌ವರೆಗೆ ಹೋಗುತ್ತದೆ.

ಹಾಗಾಗಿ ಮೊದಲ ದಿನ ಬ್ಯಾಟರಿಯ ಮಾತೇ ಬೇಡ. ಬಾನೆಟ್ ಎತ್ತುವ ಮೊದಲು, ಸೀಟಿನಡಿ ಕೈ ಹಾಕುವ ಮೊದಲು, ಕೋಲಿನಿಂದ ಎಲ್ಲ ಕಡೆ ತಟ್ಟಿ. ಇಲಿ ಇದ್ದಲ್ಲಿ ಹಾವೂ ಇರುತ್ತದೆ. ಇಲಿ ಗೂಡನ್ನು ಬರಿಗೈಯಲ್ಲಿ ತೆಗೆಯಬೇಡಿ. ಇಲಿ ಜ್ವರ ನಮ್ಮ ಕಡೆ ಹೊಸದೇನಲ್ಲ. ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ ಇರಲಿ. ಗೂಡು ತೆಗೆದ ಜಾಗದಲ್ಲಿ ವೈರುಗಳ ಸಿಪ್ಪೆ ಹೋಗಿದೆಯೇ ನೋಡಿ. ಬರಿ ತಂತಿ ಬಾಡಿಯ ಲೋಹಕ್ಕೆ ತಾಗಿಕೊಂಡಿದ್ದರೆ ಬ್ಯಾಟರಿ ಕೊಟ್ಟ ಕ್ಷಣವೇ ಹೊಗೆ ಬರುತ್ತದೆ.

ಈಗ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಒಳಗೆ ಬೀಳುತ್ತದೆ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಪಾಲು ಬೆರೆಸಿ, ಪ್ರತಿ ಸಿಲಿಂಡರಿಗೆ ಎರಡು ಟೀ ಚಮಚ ಬಿಡಿ. ಎರಡು ದಿನ ಹಾಗೇ ಇರಲಿ, ಮತ್ತೆ ಎರಡು ಚಮಚ. ಮೂರನೆಯ ದಿನ, ಮುಂಬದಿಯಿಂದ ಎಂಜಿನ್ ತಿರುಗಿಸುವ ಹ್ಯಾಂಡ್ಲು ಹಾಕಿ ಮೆಲ್ಲಗೆ ಒತ್ತಿ ನೋಡಿ. ಹ್ಯಾಂಡ್ಲು ಇಲ್ಲದಿದ್ದರೆ ಟಾಪ್ ಗೇರ್ ಹಾಕಿ, ಇಬ್ಬರು ಸೇರಿ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಆಮೇಲೆ ತಾನಾಗಿ ಬಿಡುತ್ತದೆ. ವಾರ ಕಳೆದರೂ ಅಲುಗದಿದ್ದರೆ ಉದ್ದ ಪೈಪ್ ಸಿಕ್ಕಿಸಿ ಬಲ ಪ್ರಯೋಗ ಮಾಡಬೇಡಿ, ಸಿಲಿಂಡರುಗಳ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿಸಿ.

ಹ್ಯಾಂಡ್ಲು ಹಿಡಿಯುವ ರೀತಿ ಹಿಂದಿನ ಡ್ರೈವರುಗಳಿಗೆಲ್ಲ ಗೊತ್ತಿತ್ತು, ಈಗಿನವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೆಬ್ಬೆರಳು ಹಿಡಿಕೆಯನ್ನು ಸುತ್ತಿಕೊಳ್ಳಬಾರದು, ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಇರಬೇಕು. ಹ್ಯಾಂಡ್ಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೇಲಿನಿಂದ ಕೆಳಕ್ಕೆ ತುಳಿದಂತೆ ಒತ್ತಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡ್ಲು ಬೆರಳುಗಳಿಂದ ಜಾರಿಕೊಂಡು ಹೋಗಲಿ. ಹೆಬ್ಬೆರಳು ಸುತ್ತಿ ಹಿಡಿದವರ ಮಣಿಕಟ್ಟು ಮುರಿಯುತ್ತದೆ.

ಎಂಜಿನ್ ಕೈಯಲ್ಲಿ ತಿರುಗಿತು ಎಂದಾದರೆ ಹಳೇ ಆಯಿಲ್ ಇಳಿಸಿ. ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ, ಅದೇ ಮೊದಲು ಬರುತ್ತದೆ. ಅರ್ಧ ಲೋಟ ಬಂದರೆ ಥಂಡಿಯಿಂದ ಇಳಿದ ನೀರು. ಚೊಂಬುಗಟ್ಟಲೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದೋ ಬ್ಲಾಕ್ ಸೀಳಿದೆಯೆಂದೋ ಅನುಮಾನಿಸಬೇಕು. ಪೆಟ್ರೋಲ್ ಅಂಬಾಸಿಡರಿಗೆ ಸುಮಾರು ನಾಲ್ಕು ಲೀಟರ್ ಹಿಡಿಯುತ್ತದೆ, ಡಿಪ್‌ಸ್ಟಿಕ್ ನೋಡಿಯೇ ಹಾಕಿ. 20ಡಬ್ಲ್ಯೂ-50 ಮಿನರಲ್ ಆಯಿಲ್ ಸಾಕು. ಮೆಕ್ಯಾನಿಕ್ ಅಂಗಡಿಯಲ್ಲಿ ದುಬಾರಿ ಸಿಂಥೆಟಿಕ್ ಆಯಿಲ್ ತೋರಿಸಿದರೆ ಬೇಡವೆನ್ನಿ. ಅದು ತೆಳು, ಹಳೇ ಸೀಲುಗಳಿಂದ ನೆಲಕ್ಕೇ ಸೋರುತ್ತದೆ. ಪ್ಲಗ್ ಹಾಕದೆಯೇ, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ. ಒಣಗಿದ ಬೇರಿಂಗುಗಳಿಗೆ ಎಣ್ಣೆ ತಲುಪಿದ ಮೇಲೆಯೇ ಪ್ಲಗ್ ಹಾಕಬೇಕು.

ಇದಕ್ಕೆ ಬ್ಯಾಟರಿ ಬೇಕಾಗುತ್ತದೆ. ಕೊಡುವ ಮೊದಲು ಹಳೇ ಕೇಬಲ್ ನೋಡಿ. ಡೈನಮೋ ಕಾಲದ ಕೆಲವು ಗಾಡಿಗಳಲ್ಲಿ ಪ್ಲಸ್ ತುದಿ ಬಾಡಿಯ ಲೋಹಕ್ಕೆ ಬೋಲ್ಟ್ ಆಗಿರುತ್ತದೆ, ಅಂದರೆ ಪ್ಲಸ್ ಅರ್ಥ್. ಈಗಿನ ಅಭ್ಯಾಸದಲ್ಲಿ ಮೈನಸ್ಸನ್ನು ಬಾಡಿಯ ಲೋಹಕ್ಕೆ ಜೋಡಿಸಿದರೆ ಕಾರ್ ರೇಡಿಯೋ ಸುಡುತ್ತದೆ, ಡೈನಮೋ ಮತ್ತು ಬ್ಯಾಟರಿ ನಡುವಿನ ಸ್ವಿಚ್ಚಾದ ಕಟೌಟ್ ಕೆಡುತ್ತದೆ. ತೀರಾ ಹಳೇ ಜೀಪುಗಳಲ್ಲಿ ಆರು ವೋಲ್ಟ್ ಇರುವುದೂ ಉಂಟು. ಬಲ್ಬಿನ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ.

ಅಳತೆಗಳು ಇಲ್ಲಿ ಬರುತ್ತವೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪಾಯಿಂಟ್‌ಗಳ ನಡುವಿನ ಗ್ಯಾಪ್, 1489 ಸಿಸಿ ಅಂಬಾಸಿಡರಿಗೆ, ಒಂದು ಇಂಚಿನ ಸಾವಿರ ಪಾಲಿನಲ್ಲಿ ಹದಿನೈದು. ಮಿಲಿಮೀಟರಿನಲ್ಲಿ ಹೇಳುವುದಾದರೆ 0.38. ಪ್ಲಗ್ ಗ್ಯಾಪ್ ಸಾವಿರ ಪಾಲಿನಲ್ಲಿ ಇಪ್ಪತ್ತೈದು, ಅಂದರೆ 0.64 ಮಿಲಿಮೀಟರ್. ಮತ್ತೊಮ್ಮೆ: ಪಾಯಿಂಟ್ ಹದಿನೈದು, ಪ್ಲಗ್ ಇಪ್ಪತ್ತೈದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, ಒಂದು, ಮೂರು, ನಾಲ್ಕು, ಎರಡು. ಕಿಡಿ ಬರುತ್ತಿಲ್ಲವೆಂದರೆ ಕಾಯಿಲ್ ಬದಲಿಸಲು ಹೋಗಬೇಡಿ. ಬಹುಪಾಲು ಅದು ಪಾಯಿಂಟ್ ಮೇಲೆ ಕೂತ ಕಿಲುಬು. ವಾಟರ್ ಪೇಪರ್ ಎಂಬ ನಯವಾದ ಮರಳು ಕಾಗದದಿಂದ ಎರಡು ಸಲ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ಮಳೆಗಾಲದ ಬೆಳಿಗ್ಗೆ ಗಾಡಿ ಹಟ ಮಾಡಿದರೆ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಬದಿ ಒರೆಸಿದರೆ ಸಾಕು.

ಪೆಟ್ರೋಲ್ ವಿಷಯ ಸ್ವಲ್ಪ ದೊಡ್ಡದು. ಈ ಎಂಜಿನ್ನುಗಳು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿಗೆ. 2000ದಲ್ಲಿ ದೇಶದಲ್ಲಿ ಸೀಸ ನಿಂತಿತು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೀರಿದ್ದು ಹೆಚ್ಚಾದರೆ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಗಾಡಿಯೊಳಗಿನ ಪೆಟ್ರೋಲ್ ಪಂಪು ಮೊದಲು ಎಳೆಯುವುದು ಅದನ್ನೇ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಬೂಚಿನ ಗ್ಯಾಸ್ಕೆಟ್ ಇವೆಲ್ಲ ಮೆತ್ತಗಾಗಿ ಉದುರುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಮುಂದಿನದನ್ನು ಹೇಳಬೇಕಿಲ್ಲ. ಪೈಪುಗಳನ್ನೆಲ್ಲ ಬದಲಿಸಿ, ಮೇಲೆ ಆರ್9 ಎಂದು ಅಚ್ಚಾದ ಪೈಪ್ ಕೇಳಿ ತನ್ನಿ. ಎಥನಾಲ್ ಪೆಟ್ರೋಲಿನಲ್ಲಿ ಮಿಕ್ಸ್ಚರ್ ತೆಳುವಾಗುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಆಗುತ್ತದೆ. ಎಸ್‌ಯು ಕಾರ್ಬೊರೇಟರ್ ಇದ್ದರೆ ಅಡಿಯಲ್ಲಿರುವ ಆರು ಮುಖದ ನಟ್ಟನ್ನು ಒಂದೆರಡು ಮುಖದಷ್ಟು ಕೆಳಕ್ಕೆ ತಿರುಗಿಸಿ.

ಟ್ಯಾಂಕ್ ಕಳಚಿ ತೊಳೆಯಲೇಬೇಕು. ಬಿಳಿ ವಿನಿಗರ್ ತುಂಬಿ ಒಂದು ದಿನ ಬಿಟ್ಟು, ಅಡುಗೆ ಸೋಡಾದ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಒಣಗಿಸಿ, ಒಣಗಿದ ಕೂಡಲೇ ಒಳಗೆಲ್ಲ ಡೀಸೆಲ್ ಆಡಿಸಿ ಸುರಿದುಬಿಡಿ. ಡೀಸೆಲ್ ಮರೆತರೆ ಸಂಜೆಯೊಳಗೆ ಹೊಸ ತುಕ್ಕು ಬಂದಿರುತ್ತದೆ. ತೂತು ಕಂಡರೆ ವೆಲ್ಡಿಂಗ್ ಅಂಗಡಿಗೆ ಹಾಗೇ ಒಯ್ಯಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಅದರೊಳಗೆ ಇರುವುದೆಲ್ಲ ಪೆಟ್ರೋಲಿನ ಆವಿ.

ಎಂಜಿನ್ ಸ್ಟಾರ್ಟ್ ಆಯಿತು, ಮನೆಮಂದಿಯೆಲ್ಲ ಅಂಗಳಕ್ಕೆ ಬಂದರು, ಒಂದು ರೌಂಡ್ ಹೋಗೋಣ ಎಂದರು. ಹೋಗಬಾರದು. ಬ್ರೇಕಿನ ಕೆಲಸ ಇನ್ನೂ ಆಗಿಲ್ಲ. ಈ ಗಾಡಿಗಳಲ್ಲಿ ನಾಲ್ಕೂ ಕಡೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಒಂದೇ ಲೈನು. ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರುಗಳಲ್ಲಿ ಒಂದು ಸೋರಿದರೆ ಪೆಡಲ್ ಪೂರ್ತಿ ಕೆಳಗಿಳಿಯುತ್ತದೆ. ನಿಂತ ಗಾಡಿಯಲ್ಲಿ ಈ ಸಿಲಿಂಡರಿನೊಳಗೆ ಗುಳಿ ಬಿದ್ದಿರುತ್ತದೆ. ಉಗುರಿಗೆ ಸಿಕ್ಕುವಷ್ಟು ಗುಳಿ ಇದ್ದರೆ ಬರೀ ರಬ್ಬರ್ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಬೇಕು. ಡಾಟ್ 3 ಬ್ರೇಕ್ ಆಯಿಲ್ ಬಿಟ್ಟು ಬೇರೆ ಎಣ್ಣೆ ತಾಗಿಸಬೇಡಿ, ಎಂಜಿನ್ ಆಯಿಲ್ ತಾಗಿದ ರಬ್ಬರ್ ಊದಿಕೊಳ್ಳುತ್ತದೆ. ಬ್ರೇಕ್ ಲೈನಿನಲ್ಲಿ ಸಿಕ್ಕ ಏರ್ ತೆಗೆಯುವಾಗ ಪೆಡಲಿನಿಂದ ದೂರದ ಚಕ್ರದಿಂದ ಶುರುಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಮುಂದಿನದು. ಸ್ಟಿಯರಿಂಗ್ ಎಡಕ್ಕಿರುವ ಜೀಪಾದರೆ ಎಡಬಲ ಅದಲುಬದಲು.

ಈ ಕೆಲಸಕ್ಕೆ ಹಳೇ ಹಾರ್ಲಿಕ್ಸ್ ಗಾಜಿನ ಬಾಟಲಿಯಷ್ಟು ಅನುಕೂಲದ್ದು ಇನ್ನೊಂದಿಲ್ಲ. ತಳದಲ್ಲಿ ಎರಡು ಬೆರಳು ಬ್ರೇಕ್ ಆಯಿಲ್ ಹಾಕಿ, ಏರ್ ಬಿಡಲು ಚಕ್ರದ ಬಳಿ ಸಿಕ್ಕಿಸಿದ ಪೈಪಿನ ತುದಿ ಅದರಲ್ಲಿ ಮುಳುಗಿರಲಿ. ಬಾಯಿ ಅಗಲ, ಗಾಜು ದಪ್ಪ, ಗುಳ್ಳೆ ನಿಂತದ್ದು ಕಣ್ಣಿಗೆ ಕಾಣುತ್ತದೆ. ಶೆಡ್ಡಿನ ಅಟ್ಟದಲ್ಲಿ ಹಳದಿ ಡಾಲ್ಡಾ ಡಬ್ಬ ಸಿಕ್ಕರೆ ಅದನ್ನು ಮಾತ್ರ ಬಿಡಿಭಾಗ ತೊಳೆಯಲು ಬಳಸಬೇಡಿ. ತಾಳೆಮರದ ಚಿತ್ರ ಪೆಟ್ರೋಲಿಗೆ ಎದ್ದುಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ ನೆನಪಿಗಾಗಿ ಒಳಗಿಡಿ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕ್ಯಾಸೆಟ್ ಸಿಕ್ಕರೆ ಟೇಪಿನ ಮೇಲೆ ಬಿಳಿ ಬೂಷ್ಟು ಇದೆಯೇ ನೋಡಿ. ಇದ್ದರೆ ಪ್ಲೇಯರಿಗೆ ಹಾಕಬೇಡಿ, ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಮೊದಲ ಓಡಾಟ ತೋಟದೊಳಗಿನ ಸಮತಟ್ಟು ದಾರಿಯಲ್ಲಿ. ಆಮೇಲೆ ಊರಿನ ರಸ್ತೆ. ಚಾರ್ಮಾಡಿ, ಶಿರಾಡಿ ಘಾಟಿಯ ಆಸೆ ಈ ವರ್ಷಕ್ಕೆ ಬೇಡ. ನೂರು ಕಿಲೋಮೀಟರ್ ಆಗುತ್ತಿದ್ದಂತೆ ಆಯಿಲ್ ಇನ್ನೊಮ್ಮೆ ಬದಲಿಸಿ, ಸಡಿಲಾದ ಕೊಳೆಯೆಲ್ಲ ಅದರಲ್ಲಿ ಬಂದಿರುತ್ತದೆ.

ಪೇಂಟಿಂಗ್ ಕೊನೆಗೆ. ಹೊಳಪಿನ ಬಣ್ಣ ಬಳಿಸಿ ಬ್ರೇಕ್ ಇಲ್ಲದ ಗಾಡಿಯನ್ನು ಮದುವೆಗೆ ಕಳಿಸುವವರು ಬೇಕಾದಷ್ಟು ಇದ್ದಾರೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಈಗಲೂ ಆಧಾರ. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್; ಅದೇ ಎಂಜಿನ್ ವಂಶ ಎಂಜಿ ಕಾರುಗಳಲ್ಲೂ ಇದ್ದುದರಿಂದ ಒಳಗಿನ ಎಷ್ಟೋ ಭಾಗಗಳು ಬ್ರಿಟನ್ನಿನಲ್ಲಿ ಇವತ್ತಿಗೂ ತಯಾರಾಗುತ್ತವೆ.

ಇನ್ನು ಕಾಗದಪತ್ರ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ನಿಯಮದಲ್ಲಿದ್ದ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ಪಕ್ಕ ವಿಎ ಎಂದು ಬರುತ್ತದೆ. ಪ್ರದರ್ಶನ, ರ್‍ಯಾಲಿಗೆ ಒಯ್ಯಬಹುದು, ದಿನಾ ಸಂತೆಗೆ ಹೋಗುವಂತಿಲ್ಲ. ಷಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು ಎಂಬ ಷರತ್ತಿನಲ್ಲಿ ನಮ್ಮ ಕಡೆಯ ಬಹಳಷ್ಟು ಗಾಡಿ ಸಿಕ್ಕಿಬೀಳುತ್ತವೆ, ಯಾಕೆಂದರೆ ಪೆಟ್ರೋಲ್ ದುಬಾರಿಯೆಂದು ಜೀಪಿಗೂ ಅಂಬಾಸಿಡರಿಗೂ ಡೀಸೆಲ್ ಎಂಜಿನ್ ಕೂರಿಸಿದವರೇ ಹೆಚ್ಚು. ಕಳಚಿದ ಪೆಟ್ರೋಲ್ ಎಂಜಿನ್ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ.

ಎಬ್ಬಿಸಿದ ಗಾಡಿಗೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಸಾಕು. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸವೂ ಒಳ್ಳೆಯದಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಹೊಗೆಯಲ್ಲಿನ ನೀರು ಸೈಲೆನ್ಸರಿನಲ್ಲೇ ನಿಂತು ಅದನ್ನು ತಿನ್ನುತ್ತದೆ. ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟ ಹೊತ್ತು ನೋಡಿ, ಅರ್ಧ ಗಂಟೆ ಓಡಿಸಿ. ನಮಸ್ಕಾರ.