ತಲೆ ಮೇಲೆ ಬಿಸಿಲು, ರಸ್ತೆ ಮೇಲೆ ಪ್ರವಾಹ: ಜೆರುಸಲೇಮಿನಿಂದ ಮಸಾದಕ್ಕೆ

ಏನೂ ಕಾಣುತ್ತಿಲ್ಲ ಅಂತ ಬೈಯಬೇಡಿ. ಕ್ಯಾಮೆರಾ ಸರಿಯಾಗಿಯೇ ಇದೆ. ಜೆರುಸಲೇಮ್ ಮೋಡದ ಒಳಗೆ ಕೂತಿದೆ, ಅಷ್ಟೇ. ಜನವರಿ ತಿಂಗಳು, ಶನಿವಾರ ಬೆಳಿಗ್ಗೆ, ರಾತ್ರಿಯಿಂದ ಮಳೆ ಬಿಟ್ಟಿಲ್ಲ. ಇಸ್ರೇಲ್ ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಒಂದೇ: "ಅಲ್ಲಿ ಮರುಭೂಮಿ ಅಲ್ವಾ, ಸೆಖೆ ಹೇಗೆ ತಡೆಯುತ್ತೀ?" ನಾನಿಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ನಡುಗುತ್ತಿದ್ದೇನೆ. ಬೆಟ್ಟದ ಮೇಲಿನ ಊರು ಇದು, ಎತ್ತರ ಸುಮಾರು 800 ಮೀಟರ್. ಕೆಲವು ವರ್ಷ ಹಿಮವೂ ಬೀಳುತ್ತದೆ.

ಶನಿವಾರ ಯೆಹೂದ್ಯರ ಶಬ್ಬಾತ್, ಅಂದರೆ ವಿಶ್ರಾಂತಿಯ ದಿನ, ಬಸ್ ಇಲ್ಲ. ಶುಕ್ರವಾರ ಸಂಜೆಗೆ ಮುಂಚೆಯೇ ಬಸ್ಸು, ರೈಲು ಎಲ್ಲಾ ನಿಲ್ಲುತ್ತದೆ. ನನಗೆ ರಜೆ ಸಿಗುವುದೂ ಅದೇ ದಿನ! ಹಾಗಾಗಿ ಮೂರು ಜನ ಸೇರಿ ಬಾಡಿಗೆ ಕಾರು ಮಾಡಿದ್ದೇವೆ. ಹೊರಟದ್ದು ಮಸಾದಕ್ಕೆ, ಮೃತ ಸಮುದ್ರದ ಹತ್ತಿರ ಬೆಟ್ಟದ ಮೇಲಿರುವ ಹಳೇ ಕೋಟೆ ಅದು. ಓಡಿಸುತ್ತಿರುವವರು ಮಂಗಳೂರು ಕಡೆಯ ಅಣ್ಣ, ಪಕ್ಕದಲ್ಲಿ ಅಕ್ಕ. ನನ್ನ ಹಾಗೆ ಅವರೂ ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದವರು. ನಮ್ಮ ಕರಾವಳಿಯ ಜನ ಈ ಕೆಲಸದಲ್ಲಿ ತುಂಬಾ ಇದ್ದಾರೆ. ಮುಖ ತೋರಿಸಬೇಡ ಅಂತ ಅಕ್ಕ ಮೊದಲೇ ಹೇಳಿದ್ದಾರೆ. ಅದಕ್ಕೇ ಪೂರ್ತಿ ವಿಡಿಯೋದಲ್ಲಿ ಬರೀ ಕೈ, ಬೆನ್ನು.

ಈಗ ಕಿಟಕಿ ಕಡೆ ನೋಡ್ತಾ ಇರಿ. ಹಸಿರು ಬೆಟ್ಟ, ಮಳೆ. ಒಂದು ಸುರಂಗ. ಆಮೇಲೆ ಇಳಿಜಾರು. ಮಳೆ ಕಡಿಮೆ ಆಯಿತು. ಹಸಿರು ಹೋಯಿತು. ಮೋಡ ಹಿಂದೆ ಉಳಿಯಿತು. ಈಗ ನೋಡಿ, ಬರೀ ಹಳದಿ ಗುಡ್ಡ, ಸುಡು ಬಿಸಿಲು. ನಾನು ಶಾಟ್ ಕತ್ತರಿಸಿಲ್ಲ, ವೇಗ ಮಾತ್ರ ಜಾಸ್ತಿ ಮಾಡಿದ್ದೇನೆ. ಜೆರುಸಲೇಮಿಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ಪೂರ್ವಕ್ಕೆ ಇಳಿದು ಮೃತ ಸಮುದ್ರದ ದಡಕ್ಕೆ ಬಂದರೆ 100 ಮಿಲಿಮೀಟರ್ ಕೂಡ ಬರುವುದಿಲ್ಲ. ಮೋಡ ಬರುವುದು ಪಶ್ಚಿಮದಿಂದ, ಮೆಡಿಟರೇನಿಯನ್ ಸಮುದ್ರದಿಂದ. ಬೆಟ್ಟ ಹತ್ತುವಾಗ ನೀರೆಲ್ಲಾ ಸುರಿದು ಮುಗಿಯುತ್ತದೆ. ಘಟ್ಟದ ಮೇಲೆ ಆಗುಂಬೆಯಲ್ಲಿ ಸುರಿದು ಚಳ್ಳಕೆರೆಗೆ ಬರುವಷ್ಟರಲ್ಲಿ ಒಣಗಿರುತ್ತದಲ್ಲ, ಅದೇ ಕಥೆ. ಆದರೆ ನಮ್ಮಲ್ಲಿ ಜೂನ್‌ನಲ್ಲಿ ಶುರುವಾಗುವುದು ಇಲ್ಲಿ ಅಕ್ಟೋಬರ್, ನವೆಂಬರಿಗೆ. ಏಪ್ರಿಲ್ ಮುಗಿದರೆ ಆಕಾಶ ಬಾಗಿಲು ಹಾಕಿದ ಹಾಗೆ. ಮತ್ತೆ ಐದು ತಿಂಗಳು ಒಂದು ಹನಿ ಇಲ್ಲ.

ಆ ಬೋರ್ಡ್ ನೋಡಿದಿರಾ? ಸಮುದ್ರಮಟ್ಟ. ಅಣ್ಣ ನಿಲ್ಲಿಸಲಿಲ್ಲ. ಅಲ್ಲಿಂದ ಇನ್ನೂ ಕೆಳಗೇ ಹೋಗಬೇಕು. ಮೃತ ಸಮುದ್ರದ ನೀರು ಇರುವುದು ಸಮುದ್ರಮಟ್ಟಕ್ಕಿಂತ 430 ಮೀಟರ್‌ಗೂ ಜಾಸ್ತಿ ಕೆಳಗೆ. ಭೂಮಿ ಮೇಲೆ ಒಣ ನೆಲದಲ್ಲಿ ಇದಕ್ಕಿಂತ ಕೆಳಗೆ ಜಾಗವೇ ಇಲ್ಲ. ಕಿವಿ ಮುಚ್ಚಿಕೊಳ್ಳುತ್ತದೆ, ಎಂಜಲು ನುಂಗುತ್ತಾ ಇರಬೇಕು.

ಇನ್ನೊಂದು ಮಾತು. ರಸ್ತೆಯ ಈ ಭಾಗ ಇರುವುದು ವೆಸ್ಟ್ ಬ್ಯಾಂಕಿನಲ್ಲಿ. ಈ ಬೆಟ್ಟಗಳಲ್ಲಿ ಪ್ಯಾಲೆಸ್ಟೀನಿಯರ ಊರುಗಳಿವೆ, ಬೆದೂವಿನ್ ಅನ್ನೋ ಕುರಿ ಮೇಯಿಸುವ ಅರಬ್ ಜನರ ತಗಡಿನ ಮನೆಗಳಿವೆ, ಯೆಹೂದ್ಯರ ಹೊಸ ವಸಾಹತುಗಳಿವೆ. ಈಗಿನ ಜಗಳ ದೊಡ್ಡದು, ಅದನ್ನು ಕಾರಿನ ಕಿಟಕಿಯಿಂದ ಬಗೆಹರಿಸುವಷ್ಟು ಬುದ್ಧಿ ನನಗಿಲ್ಲ. ಇವತ್ತು ನಾನು ಹೇಳುವುದು ಹಳೇ ಕಾಲದ ಯೆಹೂದ್ಯರ ಕಥೆ. ನನ್ನ ಕೇಳಿದರೆ ಅದು ರಾಜರ ಕಥೆಗಿಂತ ಜಾಸ್ತಿ ನೀರಿನ ಕಥೆ.

ಯಾಕೆ ಅಂತ ಹೇಳ್ತೇನೆ. ಈಜಿಪ್ಟಿಗೆ ನೈಲ್ ಇತ್ತು. ಬಾಬಿಲೋನಿಗೆ ಯೂಫ್ರೆಟಿಸ್ ಇತ್ತು. ಇವರಿಗೆ? ಜೋರ್ಡಾನ್ ನದಿ ಇದೆ, ಆದರೆ ಅದು ಹರಿಯುವುದು ಆಳದ ಕಣಿವೆಯಲ್ಲಿ. ಜನ ಇದ್ದದ್ದು ಮೇಲೆ ಬೆಟ್ಟದಲ್ಲಿ. ಆ ಕಾಲದಲ್ಲಿ ನೀರು ಎತ್ತುವ ಪಂಪ್ ಎಲ್ಲಿತ್ತು? ಮಳೆ ಬಂದರೆ ಊಟ, ಇಲ್ಲದಿದ್ದರೆ ಇಲ್ಲ. ಬೈಬಲಿನ ಧರ್ಮೋಪದೇಶಕಾಂಡದಲ್ಲೇ ಬಿಡಿಸಿ ಹೇಳಿದೆ: ನೀವು ಬಿಟ್ಟು ಬಂದ ಈಜಿಪ್ಟಿನಲ್ಲಿ ಹೊಲಕ್ಕೆ ನೀವೇ ನೀರು ಹಾಯಿಸುತ್ತಿದ್ದಿರಿ, ಈ ನೆಲ ಹಾಗಲ್ಲ, ಇದು ಆಕಾಶದ ಮಳೆ ಕುಡಿಯುವ ಬೆಟ್ಟ ಕಣಿವೆಗಳ ನೆಲ ಅಂತ.

ಗೆಜೆರ್ ಅನ್ನೋ ಹಳೇ ಊರಿನಲ್ಲಿ 1908ರಲ್ಲಿ ಅಂಗೈಯಷ್ಟು ದೊಡ್ಡ ಸುಣ್ಣಕಲ್ಲಿನ ತುಂಡು ಸಿಕ್ಕಿತು. ಕ್ರಿ.ಪೂ. 10ನೇ ಶತಮಾನದ್ದು. ಅದರ ಮೇಲೆ ಯಾವ ರಾಜನ ಬಿರುದೂ ಇಲ್ಲ. ಎರಡು ತಿಂಗಳು ಕೊಯ್ದು ಕೂಡಿಡುವುದು, ಎರಡು ತಿಂಗಳು ಬಿತ್ತನೆ, ಎರಡು ತಿಂಗಳು ತಡವಾದ ಬಿತ್ತನೆ, ಒಂದು ತಿಂಗಳು ಅಗಸೆ, ಒಂದು ತಿಂಗಳು ಬಾರ್ಲಿ ಕೊಯ್ಲು, ಹೀಗೇ ವರ್ಷ ಪೂರ್ತಿ. ಕೊನೆಗೆ ಬೇಸಿಗೆ ಹಣ್ಣು. ಯಾರೋ ಹುಡುಗ ಬರವಣಿಗೆ ಕಲಿಯಲು ಗೀಚಿದ್ದು ಇರಬಹುದು ಅಂತ ಕೆಲವು ಪಂಡಿತರ ಊಹೆ. ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ, ಯಾಕೆಂದರೆ ಆಗ ಇಲ್ಲಿ ಆಟೋಮನ್ ಆಳ್ವಿಕೆ. ನನಗೆ ಇಂಥವೇ ಇಷ್ಟ. ಯುದ್ಧ ಗೆದ್ದ ಶಾಸನ ಎಲ್ಲಾ ದೇಶದಲ್ಲೂ ಒಂದೇ ತರ, ಓದಲು ಬೇಜಾರು.

ಆದರೂ ಒಂದು ಗೆದ್ದ ಶಾಸನದ ಬಗ್ಗೆ ಹೇಳಲೇಬೇಕು. ಇಸ್ರೇಲ್ ಅನ್ನೋ ಜನರ ಹೆಸರು ಮೊದಲು ಸಿಗುವುದು ಈಜಿಪ್ಟಿನ ಮೆರ್ನೆಪ್ತಾ ರಾಜನ ಕಲ್ಲಿನಲ್ಲಿ, ಕ್ರಿ.ಪೂ. 1208ರ ಸುಮಾರಿನದ್ದು. ಅದರಲ್ಲಿ ಬರೆದದ್ದು ಇವರ ಬೀಜವೇ ಇಲ್ಲದಂತೆ ಮಾಡಿದೆ ಅಂತ. ಮೊದಲ ಸುದ್ದಿಯೇ ಸರ್ವನಾಶದ ಸುದ್ದಿ! ಅದೇ ಕಾಲದಲ್ಲಿ ಇಲ್ಲಿ ದೊಡ್ಡ ಬರ. ಗಲಿಲಾಯ ಸರೋವರದ ತಳದ ಕೆಸರನ್ನು ಕೊರೆದು ತೆಗೆದು, ಅದರಲ್ಲಿದ್ದ ಹಳೇ ಪರಾಗದ ಕಣಗಳನ್ನು ಎಣಿಸಿ 2013ರಲ್ಲಿ ವಿಜ್ಞಾನಿಗಳು ಹೇಳಿದರು, ಕ್ರಿ.ಪೂ. 1250ರಿಂದ 1100ರ ವರೆಗೆ ಮರಗಳು ತೀರಾ ಕಡಿಮೆಯಾಗಿದ್ದವು ಅಂತ. ಅದೇ ಹೊತ್ತಿಗೆ ಸುತ್ತಲಿನ ದೊಡ್ಡ ದೊಡ್ಡ ರಾಜ್ಯಗಳು ಬಿದ್ದವು. ಅದರ ಆಸುಪಾಸಿನಲ್ಲೇ ಈ ಬೆಟ್ಟಗಳಲ್ಲಿ ಹೊಸದಾಗಿ ಸಣ್ಣ ಸಣ್ಣ ಹಳ್ಳಿಗಳು ಎದ್ದವು.

ಅಯ್ಯೋ, ಕುಮ್ರಾನ್ ದಾಟಿಯೇ ಹೋಯಿತು. ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟದಲ್ಲಿ ಕಪ್ಪು ತೂತುಗಳು ಕಾಣುತ್ತವಲ್ಲ, ಅಲ್ಲೇ. 1947ರಲ್ಲಿ ಬೆದೂವಿನ್ ಕುರಿಗಾಹಿಗಳಿಗೆ ಇಂಥ ಗುಹೆಯಲ್ಲಿ ಮಡಕೆಯೊಳಗೆ ಚರ್ಮದ ಸುರುಳಿಗಳು ಸಿಕ್ಕವು. ಅದರಲ್ಲಿ ಬೈಬಲಿನ ಯೆಶಾಯನ ಗ್ರಂಥದ ಸುರುಳಿ ಬಿಚ್ಚಿದರೆ 7 ಮೀಟರ್‌ಗೂ ಉದ್ದ. ಎರಡು ಸಾವಿರ ವರ್ಷ ಚರ್ಮ ಕೊಳೆಯದೆ ಉಳಿದದ್ದು ಈ ಒಣ ಹವೆಯಿಂದ. ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲಕ್ಕೆ ಚಪ್ಪಲಿಗೆ ಬೂಷ್ಟು ಬರುತ್ತದೆ.

ಸರಿ, ಈಗ ಇವತ್ತಿನ ಮುಖ್ಯ ಘಟನೆ. ಮುಂದೆ ಕಾರುಗಳ ಸಾಲು ನಿಂತಿದೆ. ಪೊಲೀಸ್ ಗಾಡಿ ಅಡ್ಡ ನಿಂತಿದೆ. ರಸ್ತೆ ಬಂದ್. ಯಾಕಂತೆ? ಪ್ರವಾಹವಂತೆ! ತಲೆ ಎತ್ತಿ ನೋಡಿ, ಒಂದು ಚೂರು ಮೋಡ ಇಲ್ಲ. ನಾನು ಸ್ವೆಟರ್ ತೆಗೆದು ಸೊಂಟಕ್ಕೆ ಕಟ್ಟಿದ್ದೇನೆ, ಬೆವರು ಇಳಿಯುತ್ತಿದೆ. ಆದರೆ ರಸ್ತೆ ಮೇಲೆ, ಝೂಮ್ ಮಾಡ್ತೇನೆ ತಡೀರಿ, ಅಲ್ಲಿ ಕಂದು ಬಣ್ಣದ ನೀರು ಬೊಬ್ಬಿಡುತ್ತಾ ಹೋಗುತ್ತಿದೆ ನೋಡಿ. ಜೊತೆಗೆ ಕಲ್ಲು, ಕೊಂಬೆ, ಒಂದು ಟೈರ್. ರಾತ್ರಿ ಮೇಲೆ ಬೆಟ್ಟದಲ್ಲಿ ಬಿದ್ದ ಮಳೆ ಈಗ ಇಲ್ಲಿಗೆ ಬಂದು ಮುಟ್ಟಿದೆ. ಈ ಗುಡ್ಡಗಳಲ್ಲಿ ಮಣ್ಣು ಕಡಿಮೆ, ಗಿಡ ಇಲ್ಲ, ನೀರು ಇಂಗುವುದಿಲ್ಲ. ಎಲ್ಲಾ ಕಡೆಯಿಂದ ಜಾರಿ ಒಂದೇ ಹಳ್ಳಕ್ಕೆ ಬೀಳುತ್ತದೆ. ವರ್ಷವಿಡೀ ಒಣಗಿರುವ ಹಳ್ಳ ಕೆಲವೇ ನಿಮಿಷದಲ್ಲಿ ಹೀಗಾಗುತ್ತದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದು ಪೊಲೀಸರ ಹತ್ತಿರ ಜಗಳಕ್ಕೇ ಹೋದ. ನನಗೆ ಪೊಲೀಸರದ್ದೇ ಸರಿ ಅನ್ನಿಸಿತು. 2018ರ ಏಪ್ರಿಲ್‌ನಲ್ಲಿ ದಕ್ಷಿಣದ ತ್ಸಾಫಿತ್ ಹಳ್ಳದಲ್ಲಿ ನಡೆದು ಹೋಗುತ್ತಿದ್ದ ಹತ್ತು ಹದಿಹರೆಯದ ಮಕ್ಕಳು ಇಂಥದ್ದೇ ನೀರಿಗೆ ಸಿಕ್ಕಿ ಸತ್ತರು.

ಕಾಯುವುದಕ್ಕೆ ನನ್ನ ತಕರಾರಿಲ್ಲ. ತಕರಾರು ನೀರಿಂದು. ಮನೆಯಿಂದ ಐದು ಲೀಟರಿನ ಕ್ಯಾನ್ ತುಂಬಿಸಿ ತಂದಿದ್ದೆವು. ಇಲ್ಲಿ ನಲ್ಲಿ ನೀರು ಧಾರಾಳ ಕುಡಿಯಬಹುದು, ಅದರಲ್ಲಿ ಬಹುಪಾಲು ಈಗ ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿದ್ದು. ಆ ಕ್ಯಾನ್ ಎಲ್ಲಿ ಅಂತ ಕೇಳಿದರೆ ಅಣ್ಣ ಮೆಲ್ಲಗೆ ಹೇಳಿದರು: "ಗಾಜು ಧೂಳಾಗಿತ್ತು ಮಾರಾಯ್ತಿ, ತೊಳೆದೆ." ಬಾಡಿಗೆ ಕಾರಿನ ಗಾಜು! ಮರುಭೂಮಿಯಲ್ಲಿ! ಅಕ್ಕ ತುಳುವಿನಲ್ಲಿ ಏನು ಹೇಳಿದರೋ ಅದನ್ನು ಮ್ಯೂಟ್ ಮಾಡಿದ್ದೇನೆ. ರಸ್ತೆ ಪಕ್ಕದ ಅಂಗಡಿಗೆ ಹೋದರೆ ಅರ್ಧ ಲೀಟರ್ ಬಾಟಲಿಗೆ 14 ಶೆಕೆಲ್. ನಮ್ಮ ದುಡ್ಡಲ್ಲಿ ಮುನ್ನೂರು ರೂಪಾಯಿ ಮೇಲೆ. ಸೂಪರ್ ಮಾರ್ಕೆಟಿನಲ್ಲಿ ಅದರ ಕಾಲು ಭಾಗವೂ ಇಲ್ಲ. ಜಾಸ್ತಿ ಆಯಿತಲ್ಲ ಅಂದರೆ ಅಂಗಡಿಯವನು ಹೊರಗೆ ಕೈ ತೋರಿಸಿದ. "ಅಲ್ಲಿ ಬಿಟ್ಟಿ ಇದೆಯಲ್ಲ" ಅಂತ. ಹೊರಗೆ ಅಂದರೆ ಒಂದು ಕಡೆ ಕೆಸರು ಪ್ರವಾಹ, ಇನ್ನೊಂದು ಕಡೆ ಸಾಮಾನ್ಯ ಸಮುದ್ರಕ್ಕಿಂತ ಹತ್ತು ಪಟ್ಟು ಉಪ್ಪಿನ ನೀರು. ಜೋಕ್ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೂ 14 ಶೆಕೆಲ್ ಅನ್ಯಾಯ. ಮೂರು ಬಾಟಲಿಗೆ 42. ಆಮೇಲೆ ಅಣ್ಣನಿಗೆ ಹಸಿವು ಅಂತ ಚಿಪ್ಸ್, ಅದಕ್ಕೆ ಬೇರೆ. ಉಪ್ಪಿನ ಚಿಪ್ಸ್ ತಿಂದು ಮತ್ತೆ ಬಾಯಾರಿಕೆ. ಮತ್ತೆ 14. ಪ್ರವಾಸಿಗರ ಜಾಗದಲ್ಲಿ ಅಂಗಡಿ ಇಟ್ಟವರಿಗೆ ನಾಚಿಕೆ ಇರಲ್ಲ, ಯಾವ ದೇಶ ಆದರೇನು.

ಕಾಯುವ ಹೊತ್ತಲ್ಲಿ ನಾನು ನೋಡಿಕೊಳ್ಳುವ ಅಜ್ಜಿಗೆ ಫೋನ್ ಮಾಡಿದೆ. ಅವರು ಶಬ್ಬಾತ್ ಪಾಲಿಸುವವರಲ್ಲ, ಫೋನ್ ಎತ್ತುತ್ತಾರೆ. ಪ್ರವಾಹ ಅಂದ ಕೂಡಲೇ ಖುಷಿಯೋ ಖುಷಿ. ಫೋಟೋ ಕಳಿಸು, ಈ ವರ್ಷ ಒಳ್ಳೇ ಮಳೆ ಅಂತ. ದೇವರನ್ನು ನಂಬದ ಅಜ್ಜಿಗೆ ಮಳೆ ಪ್ರಾರ್ಥನೆಯ ಕಥೆ ಮಾತ್ರ ಬಾಯಿಪಾಠ. ಅವರೇ ನನಗೆ ಹೇಳಿದ್ದು: ಹಳೇ ಕಾಲದಲ್ಲಿ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಬರುವ ಪರ್ಣಶಾಲೆಗಳ ಹಬ್ಬಕ್ಕೆ ಜನ ದೂರದೂರದಿಂದ ಜೆರುಸಲೇಮಿಗೆ ನಡೆದು ಬರುತ್ತಿದ್ದರು. ಹಬ್ಬ ಮುಗಿದ ಮೇಲೆ ಮಳೆ ಬೇಕು. ಆದರೆ ಕೂಡಲೇ ಕೇಳುವಂತಿಲ್ಲ. ಹದಿನೈದು ದಿನ ಬಿಟ್ಟು ಕೇಳಬೇಕು. ಯಾಕೆಂದರೆ ಕೊನೆಯ ಯಾತ್ರಿಕ ಯೂಫ್ರೆಟಿಸ್ ನದಿ ತನಕ ಒದ್ದೆಯಾಗದೆ ಮುಟ್ಟಬೇಕಲ್ಲ! ಇವತ್ತಿಗೂ ಈ ದೇಶದಲ್ಲಿ ಆ ಪ್ರಾರ್ಥನೆ ಅದೇ ತಾರೀಕಿಗೆ ಶುರುವಾಗುತ್ತದೆ. ಈಗ ಯಾರೂ ನಡೆದು ಹೋಗುವುದಿಲ್ಲ, ತಾರೀಕು ಮಾತ್ರ ಬದಲಾಗಿಲ್ಲ. ಎಷ್ಟು ಚಂದ ಅಲ್ವಾ?

ರಸ್ತೆ ಬಿಟ್ಟರು. ಬೇಗ ಹೇಳ್ತೇನೆ. ಇದು ಏಂಗೆದಿ, ದಾವೀದ ಸೌಲ ರಾಜನಿಂದ ತಪ್ಪಿಸಿಕೊಂಡು ಅಡಗಿದ್ದ ಜಾಗ ಅಂತ ಬೈಬಲ್ ಹೇಳುತ್ತದೆ. ಬೆಟ್ಟದಲ್ಲಿ ಬುಗ್ಗೆ ಇದೆ, ಹಸಿರು ಇದೆ. ಕೆಳಗೆ ಬೀಚ್ ಇತ್ತು, ಮುಚ್ಚಿದ್ದಾರೆ. ಆ ಗುಂಡಿಗಳನ್ನು ನೋಡಿ. ನೆಲ ಕುಸಿದದ್ದು. ಮೃತ ಸಮುದ್ರ ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತಿದೆ. ಜೋರ್ಡಾನ್ ನದಿಯ ನೀರನ್ನು ಇಸ್ರೇಲ್, ಜೋರ್ಡಾನ್, ಸಿರಿಯಾ ಮೂರೂ ಮೇಲೆಯೇ ತಿರುಗಿಸಿಕೊಳ್ಳುತ್ತವೆ. ದಕ್ಷಿಣದಲ್ಲಿ ಖನಿಜದ ಕಾರ್ಖಾನೆಗಳು ನೀರು ಆವಿ ಮಾಡುತ್ತವೆ. ಸಮುದ್ರ ಹಿಂದೆ ಸರಿದ ಕಡೆ ನೆಲದಡಿಯ ಉಪ್ಪಿನ ಪದರಕ್ಕೆ ಸಿಹಿನೀರು ನುಗ್ಗಿ ಕರಗಿಸುತ್ತದೆ. ಮೇಲಿನ ನೆಲ ಧೊಪ್ ಅಂತ ಒಳಗೆ.

ಮಸಾದ! ಅಂತೂ ಬಂದೆವು. ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ. ನಡೆದು ಹತ್ತದೆ ಕೇಬಲ್ ಕಾರಿನಲ್ಲಿ ಹೋಗುವವರು ಸೋಮಾರಿಗಳು ಅಂತ ನಾನು ಕಾರಿನಲ್ಲಿ ದೊಡ್ಡ ಭಾಷಣ ಮಾಡಿದ್ದು ಅಕ್ಕನಿಗೆ ನೆನಪಿದೆ. ಕೇಬಲ್ ಕಾರ್ ತುಂಬಾ ಒಳ್ಳೆಯದು, ಎಲ್ಲರೂ ಅದರಲ್ಲೇ ಹೋಗಿ.

ಮೇಲೆ ಅರಮನೆ ಕಟ್ಟಿಸಿದವನು ಯೆಹೂದ್ಯರ ರಾಜ ಹೆರೋದ, ಕ್ರಿ.ಪೂ. 37ರಿಂದ 4ರ ವರೆಗೆ ರೋಮನ್ನರ ಕೈಕೆಳಗೆ ಆಳಿದವನು. ಹೆಂಡತಿಯನ್ನು, ಸ್ವಂತ ಮಕ್ಕಳನ್ನು ಕೊಲ್ಲಿಸಿದ ಕಟುಕ. ಆದರೆ ಅವನ ಇಂಜಿನಿಯರುಗಳಿಗೆ ಕೈ ಮುಗಿಯಬೇಕು. ಮೇಲೆ ಬುಗ್ಗೆ ಇಲ್ಲ, ಬಾವಿ ಇಲ್ಲ. ನಮ್ಮನ್ನು ತಡೆದು ನಿಲ್ಲಿಸಿತಲ್ಲ, ಅಂಥದ್ದೇ ಪ್ರವಾಹದ ನೀರನ್ನು ಅವರು ಪಕ್ಕದ ಹಳ್ಳಗಳಲ್ಲಿ ಒಡ್ಡು ಕಟ್ಟಿ, ಕಾಲುವೆ ಮಾಡಿ ಬೆಟ್ಟದ ಹೊಟ್ಟೆಯಲ್ಲಿ ಕೊರೆದ ತೊಟ್ಟಿಗಳಿಗೆ ಇಳಿಸಿದರು. ಸುಮಾರು 4 ಕೋಟಿ ಲೀಟರ್ ಹಿಡಿಯುತ್ತಿತ್ತು. ಅಲ್ಲಿಂದ ಮೇಲಕ್ಕೆ ಹೊತ್ತು ತರುತ್ತಿದ್ದರು. ಈ ಗೋಡೆ ಸ್ನಾನದ ಮನೆಯದ್ದು, ಬಿಸಿ ನೀರಿನ ಕೋಣೆ ಸಮೇತ. ಆ ಗುಂಡಿ ಈಜುಕೊಳ!

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮನ್ನೂ ದೇವಾಲಯವನ್ನೂ ಸುಟ್ಟ ಮೇಲೆ, ಅವರ ವಿರುದ್ಧ ಬಂಡೆದ್ದ ಯೆಹೂದ್ಯರಲ್ಲಿ ಉಳಿದವರು ಇಲ್ಲಿದ್ದರು. 73 ಅಥವಾ 74ರಲ್ಲಿ ರೋಮನ್ನರು ಆ ಕಡೆಯಿಂದ ಮಣ್ಣಿನ ಇಳಿಜಾರು ಕಟ್ಟಿ ಹತ್ತಿದರು. ಇಳಿಜಾರು ಈಗಲೂ ಇದೆ, ನೋಡಿ. ಒಳಗಿದ್ದ 960 ಜನ ತಾವೇ ಸತ್ತರು ಅಂತ ಬರೆದವನು ಆ ಕಾಲದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಒಬ್ಬನೇ, ಅದನ್ನು ಪೂರ್ತಿ ನಂಬದ ವಿದ್ವಾಂಸರೂ ಇದ್ದಾರೆ. ಅವನ ಪ್ರಕಾರ ಇಬ್ಬರು ಹೆಂಗಸರು, ಐದು ಮಕ್ಕಳು ಬದುಕಿದರು. ಅಡಗಿದ್ದು ಎಲ್ಲಿ ಗೊತ್ತಾ? ಕುಡಿಯುವ ನೀರಿನ ನೆಲದಡಿಯ ಕಾಲುವೆಯಲ್ಲಿ.

ಇಲ್ಲಿ ಅಗೆದಾಗ ಸಿಕ್ಕ ಖರ್ಜೂರದ ಬೀಜಗಳಲ್ಲಿ ಒಂದು 2005ರಲ್ಲಿ ಮೊಳೆಯಿತು, ಸುಮಾರು ಎರಡು ಸಾವಿರ ವರ್ಷದ ಬೀಜ! ಗಿಡ ದಕ್ಷಿಣದ ಕೆತುರಾ ಕಿಬ್ಬುತ್ಸಿನಲ್ಲಿದೆ, ಕಿಬ್ಬುತ್ಸ್ ಅಂದರೆ ಜನ ಒಟ್ಟಾಗಿ ದುಡಿದು ಬಾಳುವ ಹಳ್ಳಿ. ಅದನ್ನು ತೋರಿಸಲು ಇನ್ನೊಂದು ರಜೆ ಬೇಕು. ಗಾರ್ಡ್ ಸೀಟಿ ಊದುತ್ತಿದ್ದಾನೆ, ಕೊನೆಯ ಕೇಬಲ್ ಕಾರ್. ಬಂದ ರಸ್ತೆ ಮತ್ತೆ ಮುಚ್ಚಿದ್ದಾರಂತೆ, ಅರಾದ್ ಅನ್ನೋ ಊರಿನ ಮೇಲಿಂದ ಸುತ್ತಿ ಹೋಗಬೇಕು. ಹೆಚ್ಚಿನ ಪೆಟ್ರೋಲ್ ಮೂರು ಪಾಲೋ, ಗಾಜು ತೊಳೆದವರ ಪಾಲೋ ಅಂತ ಅಕ್ಕ ಲೆಕ್ಕ ಶುರು ಮಾಡಿದ್ದಾರೆ. ಅದನ್ನು ರೆಕಾರ್ಡ್ ಮಾಡಬೇಡ ಅಂತಿದ್ದಾರೆ ಅಣ್ಣ. ಆಫ್ ಮಾಡ್ತೇನೆ.