ಅಂಕ ಕೊಡುವ ಹುಡುಗಿಯರು

ಕೇಳುಗರಿಗೆ ನಮಸ್ಕಾರ.

ಹುಡುಗಿಯರಿಗೆ ಅಂಕ ಕೊಡಲು ಜನ ಯಾವಾಗಲೂ ತಯಾರಾಗಿರುತ್ತಾರೆ. ಓದಿಗೆ ಒಂದಷ್ಟು, ನಡತೆಗೆ ಒಂದಷ್ಟು, ಬಟ್ಟೆಗೆ, ಮಾತಿಗೆ, ನಗುವಿಗೆ ಕೂಡ. ಇವತ್ತು ನಾನು ಹೇಳಹೊರಟಿರುವುದು ಹುಡುಗಿಯರೇ ಕೂತು ಅಂಕ ಹಾಕುವ ಒಂದು ಕೆಲಸದ ಬಗ್ಗೆ. ಅವರು ಅಂಕ ಹಾಕುವುದು ತಾವು ಹೋಗುವ ಆಸ್ಪತ್ರೆಗೆ.

ಇದನ್ನು ಸ್ಕೋರ್ ಕಾರ್ಡ್ ಎನ್ನುತ್ತಾರೆ. 2002ರಲ್ಲಿ ಆಫ್ರಿಕಾದ ಮಲಾವಿ ದೇಶದಲ್ಲಿ ಕೇರ್ ಎಂಬ ಸಂಸ್ಥೆ ಇದನ್ನು ಶುರು ಮಾಡಿತು. ಆಮೇಲೆ ಬೇರೆ ದೇಶಗಳಿಗೂ ಹೋಯಿತು. ಮಾಡುವ ಬಗೆ ಸುಲಭ. ಆಸ್ಪತ್ರೆಗೆ ಹೋಗುವ ಜನ ಗುಂಪು ಗುಂಪಾಗಿ ಕೂರುತ್ತಾರೆ. ಗಂಡಸರು ಬೇರೆ, ಹೆಂಗಸರು ಬೇರೆ, ಹದಿಹರೆಯದ ಹುಡುಗಿಯರು ಬೇರೆ. ದೊಡ್ಡವರ ಎದುರು ಹುಡುಗಿಯರು ಬಾಯಿ ಬಿಡುವುದಿಲ್ಲ ಅಲ್ವಾ, ಅದಕ್ಕೆ. ಯಾವ ವಿಷಯಕ್ಕೆ ಅಂಕ ಹಾಕಬೇಕು ಎನ್ನುವುದನ್ನು ಆಯಾ ಗುಂಪೇ ಹೇಳುತ್ತದೆ. ಅಂಕದ ಪಕ್ಕದಲ್ಲಿ ಯಾಕೆ ಅಷ್ಟು ಎಂದು ಕಾರಣ ಬರೆಯುತ್ತಾರೆ. ಇನ್ನೊಂದು ಕಡೆ ನರ್ಸ್, ಡಾಕ್ಟರ್, ಔಷಧಿ ಕೊಡುವವರು ಕೂತು ತಮ್ಮ ಕೆಲಸಕ್ಕೆ ತಾವೇ ಅಂಕ ಹಾಕಿಕೊಳ್ಳುತ್ತಾರೆ. ಕೊನೆಗೆ ಎರಡೂ ಕಡೆಯವರು ಒಂದೇ ಕೋಣೆಯಲ್ಲಿ ಎದುರುಬದುರು ಕೂರುತ್ತಾರೆ. ಏನನ್ನು ಸರಿಮಾಡಬೇಕು, ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಮಾಡಬೇಕು ಎಂದು ಬರೆದುಕೊಂಡೇ ಏಳಬೇಕು. ಕೆಲವು ತಿಂಗಳು ಬಿಟ್ಟು ಮತ್ತೆ ಅಂಕ.

ಹುಡುಗಿಯರ ಹಾಳೆಯಲ್ಲಿ ಏನಿರುತ್ತದೆ ಗೊತ್ತಾ? ಔಷಧಿ, ಯಂತ್ರ ಇವೆಲ್ಲ ಆಮೇಲೆ. ಮೊದಲು ಬರುವುದು ಚೀಟಿ ಬರೆಸುವ ಕಿಟಕಿ. ಹುಡುಗಿ ಬಾಗಿ, ಮೆಲ್ಲಗೆ, ಮುಟ್ಟು ಸರಿಯಾಗಿ ಆಗುತ್ತಿಲ್ಲ ಎನ್ನುತ್ತಾಳೆ. ಒಳಗೆ ಕೂತವರು ತಲೆ ಎತ್ತದೆ ಗಟ್ಟಿಯಾಗಿ ಕೇಳುತ್ತಾರೆ: "ಏನಂದೆ? ಮುಟ್ಟು ನಿಂತಿದೆಯಾ? ಮದುವೆ ಆಗಿದೆಯಾ?" ಹಿಂದಿನ ಸಾಲಿನಲ್ಲಿ ಮಾತಾಡುತ್ತಿದ್ದವರೆಲ್ಲ ಒಮ್ಮೆಲೇ ಸುಮ್ಮನಾಗುತ್ತಾರೆ. ಅವರಲ್ಲಿ ಅವಳ ಮನೆಯವರನ್ನು ಬಲ್ಲವರೂ ಇದ್ದಾರೆ. ಅವಳು ಚೀಟಿ ತೆಗೆದುಕೊಳ್ಳದೆ ಹೊರಗೆ ಬಂದುಬಿಡುತ್ತಾಳೆ. ಆಸ್ಪತ್ರೆಯ ಲೆಕ್ಕದಲ್ಲಿ ಅವಳು ಅವತ್ತು ಬಂದೇ ಇಲ್ಲ.

ಚಿಕಿತ್ಸೆ ಕೊಡುವುದಿಲ್ಲ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಆದರೂ ಚಿಕಿತ್ಸೆ ಸಿಗಲಿಲ್ಲ. ಹೊರಗಿನಿಂದ ತಪಾಸಣೆಗೆ ಬಂದ ಅಧಿಕಾರಿಗೆ ಇದು ಕಾಣುವುದೇ ಇಲ್ಲ. ಕಟ್ಟಡ ಇದೆ, ಸಿಬ್ಬಂದಿ ಇದ್ದಾರೆ, ಮಾತ್ರೆ ಇದೆ, ಎಲ್ಲ ಸರಿಯಾಗಿದೆ ಎಂದು ಬರೆದುಕೊಂಡು ಹೋಗುತ್ತಾರೆ. ಕಿಟಕಿಯ ಮುಂದೆ ನಿಂತವಳಿಗೆ ಮಾತ್ರ ಗೊತ್ತಿರುವ ಸಂಗತಿ ಇದು. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಎಳೆಯ ಹೆಣ್ಣುಮಕ್ಕಳ ಆರೋಗ್ಯದ ಲೆಕ್ಕವನ್ನು ಅವರ ಕೈಯಲ್ಲೇ ಬರೆಸಬೇಕು. ಅವರು ಬರೆದದ್ದಕ್ಕೆ ಉತ್ತರ ಕೊಡಲೇಬೇಕಾದ ಜಾಗದಲ್ಲಿ ದೊಡ್ಡವರು ಕೂರಬೇಕು.

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಅವಕಾಶ ಅಲ್ಲ. 2000ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿ ಆರೋಗ್ಯದ ಹಕ್ಕು ಎಂದರೆ ಏನೇನು ಎಂದು ಬಿಡಿಸಿ ಹೇಳಿತು. ಸೇವೆ ಇರಬೇಕು. ಅದು ಕೈಗೆ ಎಟುಕಬೇಕು; ದೂರ, ದುಡ್ಡು, ಭೇದಭಾವ, ಮಾಹಿತಿ ಇಲ್ಲದಿರುವುದು, ಇವು ಯಾವುವೂ ಅಡ್ಡ ಬರಬಾರದು. ಬಂದವರ ಮರ್ಯಾದೆ ಉಳಿಯಬೇಕು, ಅವರ ಗುಟ್ಟು ಅವರದ್ದಾಗಿಯೇ ಇರಬೇಕು. ಗುಣಮಟ್ಟ ಚೆನ್ನಾಗಿರಬೇಕು. ಈ ಅಳತೆಯಲ್ಲಿ ನೋಡಿದರೆ ಕಿಟಕಿಯ ಬಳಿ ನಡೆದದ್ದು ಸುಮ್ನೆ ಒರಟುತನ ಎಂದು ಬಿಟ್ಟುಬಿಡುವಂಥದ್ದಲ್ಲ. ಅಲ್ಲಿ ಒಂದು ಹಕ್ಕು ಮುರಿದಿದೆ. ಇದು ಗೊತ್ತಾದ ಮೇಲೆ ಹುಡುಗಿಯರ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಬೇಡಿಕೊಳ್ಳುತ್ತಿದ್ದವರು ಯಾಕೆ ಎಂದು ಕೇಳಲು ಶುರು ಮಾಡುತ್ತಾರೆ.

ವಿಶ್ವಸಂಸ್ಥೆಯ ಇನ್ನೆರಡು ಒಪ್ಪಂದಗಳನ್ನೂ ಹುಡುಗಿಯರಿಗೆ ಹೇಳಿಕೊಡಬೇಕು. ಮಹಿಳೆಯರ ವಿರುದ್ಧದ ತಾರತಮ್ಯ ಹೋಗಲಾಡಿಸಲು 1979ರಲ್ಲಿ ಆದ ಒಪ್ಪಂದದ 12ನೇ ವಿಧಿ ಆರೋಗ್ಯ ಸೇವೆಯ ಬಗ್ಗೆ ಹೇಳುತ್ತದೆ. ಮಕ್ಕಳ ಹಕ್ಕುಗಳ ಬಗ್ಗೆ 1989ರಲ್ಲಿ ಆದ ಒಪ್ಪಂದದ 12ನೇ ವಿಧಿಯೂ ಮುಖ್ಯ. ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಮಾತನ್ನು ಕೇಳಬೇಕು, ಅದಕ್ಕೆ ಬೆಲೆ ಕೊಡಬೇಕು ಎಂದು ಅಲ್ಲಿದೆ. ಹದಿನಾರರ ಹುಡುಗಿಗೆ ಎರಡೂ ಸಲ್ಲುತ್ತವೆ.

ನರ್ಸುಗಳು ಬರೆದ ಹಾಳೆಯನ್ನೂ ನೋಡಬೇಕು. ಅದನ್ನು ನೋಡದೆ ಈ ಕೆಲಸ ಅರ್ಧವೇ. ಗುಟ್ಟು ಕಾಯುವ ವಿಷಯಕ್ಕೆ ಎಷ್ಟೋ ಸಲ ಅವರೂ ಕಡಿಮೆ ಅಂಕವನ್ನೇ ಹಾಕಿಕೊಂಡಿರುತ್ತಾರೆ. ಒಂದೇ ಕೋಣೆ, ಅದರಲ್ಲಿ ಎರಡು ಮೇಜು. ಪರದೆಯ ಕಂಬಿ ಇದೆ, ಪರದೆ ಇಲ್ಲ. ಒಬ್ಬಳೇ ನರ್ಸ್ ಚುಚ್ಚುಮದ್ದು ಹಾಕಬೇಕು, ಹೆಸರು ಬರೆಯಬೇಕು, ಬಾಗಿಲಲ್ಲಿ ನಿಂತವರನ್ನೂ ಸುಧಾರಿಸಬೇಕು. ಹುಡುಗಿಯರ ದೂರು, ನರ್ಸಿನ ದೂರು ಎರಡೂ ಒಂದೇ ಪರದೆಯ ಬಗ್ಗೆ ಎಂದು ಎದುರುಬದುರು ಕೂತಾಗಲೇ ಗೊತ್ತಾಗುವುದು. ಅಲ್ಲಿಂದ ಮುಂದೆ ಇಬ್ಬರೂ ಸೇರಿ ಮೇಲಿನವರಿಗೆ ಕಾಗದ ಬರೆಯಬಹುದು. ಜಗಳಕ್ಕೆ ಹೊರಟವರು ಜೊತೆಯಾಗುವ ಈ ಗಳಿಗೆಗಾಗಿಯೇ ನನಗೆ ಈ ವಿಧಾನ ಇಷ್ಟ.

ಹುಡುಗಿಯರಿಗೆ ಬೇರೆ ಗುಂಪು ಯಾಕೆ, ಹೆಂಗಸರ ಸಂಘ ಸಾಲದಾ ಎಂದು ಕೆಲವರು ಕೇಳುತ್ತಾರೆ. ಸಾಲದು. ಆರೋಗ್ಯ ವ್ಯವಸ್ಥೆಯ ಕಣ್ಣಿಗೆ ಹುಡುಗಿ ಬೀಳುವುದು ಹೆಚ್ಚಾಗಿ ಬಸುರಿಯಾದ ಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ 2019ರ ಲೆಕ್ಕ ನೋಡಿ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಒಂದೇ ವರ್ಷ ಸುಮಾರು 2.1 ಕೋಟಿ ಬಸಿರು. ಅದರಲ್ಲಿ ಅರ್ಧದಷ್ಟು ಬಯಸದೇ ಬಂದದ್ದು. ರಕ್ತಹೀನತೆಯ ವಿಷಯಕ್ಕೆ ಬಂದರೆ, ಜಗತ್ತಿನಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಇದೆ. ಗರ್ಭಕೊರಳಿನ ಕ್ಯಾನ್ಸರ್ 2022ರಲ್ಲಿ ಸುಮಾರು ಮೂರೂವರೆ ಲಕ್ಷ ಹೆಂಗಸರ ಜೀವ ತೆಗೆದುಕೊಂಡಿತು. ಇದನ್ನು ತಡೆಯುವ ಎಚ್‌ಪಿವಿ ಲಸಿಕೆ ಹಾಕಬೇಕಾದ್ದು 9ರಿಂದ 14ರ ವಯಸ್ಸಿನಲ್ಲಿ. 2030ರ ಹೊತ್ತಿಗೆ ನೂರಕ್ಕೆ 90 ಹುಡುಗಿಯರಿಗೆ 15 ತುಂಬುವ ಮೊದಲೇ ಲಸಿಕೆ ಸಿಗಬೇಕು ಎಂದು ಜಗತ್ತಿನ ಗುರಿ. ಆದರೆ ತೋಳು ಚಾಚಿ ನಿಂತ ಹನ್ನೆರಡರ ಹುಡುಗಿಗೆ ಇದು ಯಾತಕ್ಕೆ ಎಂದು ಕೂರಿಸಿಕೊಂಡು ಹೇಳುವವರು ಎಷ್ಟು ಜನ? ಹೇಳದೇ ಇದ್ದಾಗ ಆ ಖಾಲಿ ಜಾಗಕ್ಕೆ ಗಾಳಿಸುದ್ದಿ ಬಂದು ಕೂರುತ್ತದೆ.

ಹೇಳಿಕೊಳ್ಳದ ನೋವು ಎಷ್ಟಿರುತ್ತದೆ ಎನ್ನುವುದಕ್ಕೆ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ರಾಣಿ ಬಂಗ್ ಮತ್ತು ಅವರ ಜೊತೆಯವರು ಮಾಡಿದ ಅಧ್ಯಯನ ಸಾಕ್ಷಿ. 1989ರಲ್ಲಿ ಅದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎರಡು ಹಳ್ಳಿಗಳ ಹೆಂಗಸರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 92 ಜನರಿಗೆ ಸ್ತ್ರೀರೋಗ ಅಥವಾ ಲೈಂಗಿಕ ರೋಗ ಇತ್ತು. ಅದಕ್ಕೂ ಮೊದಲು ಇಂಥ ಪರೀಕ್ಷೆ ಆಗಿದ್ದದ್ದು ನೂರಕ್ಕೆ 8 ಜನರಿಗೆ ಮಾತ್ರ. ಅಲ್ಲಿಯ ತನಕ ಬಡ ದೇಶಗಳಲ್ಲಿ ಹೆಂಗಸರ ಆರೋಗ್ಯ ಎಂದರೆ ಬಾಣಂತನ, ಕುಟುಂಬ ಯೋಜನೆ ಅಷ್ಟೇ ಎಂಬ ಲೆಕ್ಕ ಇತ್ತು. ಆಸ್ಪತ್ರೆಯ ದಾಖಲೆ ನೋಡಿಕೊಂಡು ಕೂತಿದ್ದರೆ ಈ 92 ಯಾರಿಗೂ ಕಾಣುತ್ತಲೇ ಇರಲಿಲ್ಲ. ಹೆಂಗಸರ ಹತ್ತಿರ ಹೋಗಿ, ನಂಬಿಕೆ ಗಳಿಸಿ, ಕೇಳಿದ್ದಕ್ಕೆ ಕಂಡಿತು.

ಈಗ ಹುಡುಗಿಯರ ನಾಯಕತ್ವದ ವಿಷಯಕ್ಕೆ ಬರುತ್ತೇನೆ. ಮಲಾವಿಯ ಚಿರಾಡ್ಜುಲು ಜಿಲ್ಲೆಯ ಹುಡುಗಿಯರ ಕೆಲಸ ನನಗೆ ಯಾವತ್ತೂ ನೆನಪಾಗುತ್ತದೆ. ಅಲ್ಲಿ ಬಾಲ್ಯವಿವಾಹ ಜಾಸ್ತಿ ಇತ್ತು. ಒಂದು ಸಂಘಟನೆಯ ಜೊತೆ ಸೇರಿ ತರಬೇತಿ ಪಡೆದ ಹುಡುಗಿಯರು ತಮ್ಮ ತಮ್ಮ ಹಳ್ಳಿಯ ಮುಖ್ಯಸ್ಥರ ಮುಂದೆ ಹೋಗಿ ಕೂತರು. ಮದುವೆ ಆದ ಗೆಳತಿಯರು ಏನಾದರು, ಯಾರು ಓದು ಬಿಟ್ಟರು, ಹೆರಿಗೆಯಲ್ಲಿ ಯಾರಿಗೆ ಏನಾಯಿತು, ಎಲ್ಲವನ್ನೂ ಮುಂದಿಟ್ಟರು. ಮುಖ್ಯಸ್ಥರು ಹಳ್ಳಿಯ ಮಟ್ಟದಲ್ಲೇ ಕಟ್ಟಳೆ ತಂದರು. ಎಳೆಯ ಹುಡುಗಿಯನ್ನು ಮದುವೆಯಾದ ಗಂಡಸು ದಂಡವಾಗಿ ಮೇಕೆಗಳನ್ನು ಕೊಡಬೇಕಾಯಿತು. ರಾಷ್ಟ್ರಮಟ್ಟದ ಕಾನೂನು ಬಂದದ್ದು ಆಮೇಲೆ. 2015ರಲ್ಲಿ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿದರು. ಆದರೆ ಹೆತ್ತವರು ಒಪ್ಪಿದರೆ 15ಕ್ಕೇ ಮದುವೆ ಮಾಡಬಹುದು ಎನ್ನುವ ಸಂದು ಸಂವಿಧಾನದಲ್ಲಿ ಹಾಗೇ ಉಳಿದಿತ್ತು. ಹೋರಾಟ ಮುಂದುವರಿದು, 2017ರಲ್ಲಿ ತಿದ್ದುಪಡಿ ಆಗಿ ಆ ಸಂದೂ ಮುಚ್ಚಿತು. ಕಾನೂನು ಬಂತು ಎಂದು ಹುಡುಗಿಯರು ಮನೆಗೆ ಹೋಗಿ ಕೂತಿದ್ದರೆ ಇದು ಆಗುತ್ತಿತ್ತಾ?

ಅರ್ಜೆಂಟೀನಾದ್ದು ಇನ್ನೂ ಉದ್ದದ ದಾರಿ. ಸುರಕ್ಷಿತ, ಕಾನೂನುಬದ್ಧ ಗರ್ಭಪಾತಕ್ಕಾಗಿ 2005ರಲ್ಲಿ ಶುರುವಾದ ಚಳವಳಿಯ ಗುರುತು ಹಸಿರು ಕರವಸ್ತ್ರ. ಅವರು ಬರೀ ಗರ್ಭಪಾತದ ಬಗ್ಗೆ ಮಾತಾಡಲಿಲ್ಲ. ತೀರ್ಮಾನ ಮಾಡಲು ಲೈಂಗಿಕ ಶಿಕ್ಷಣ ಕೊಡಿ, ಗರ್ಭಪಾತದ ಅಗತ್ಯ ಬರದಿರಲು ಗರ್ಭನಿರೋಧಕ ಕೊಡಿ, ಸಾಯದಿರಲು ಕಾನೂನು ಕೊಡಿ ಎಂದು ಮೂರನ್ನೂ ಒಟ್ಟಿಗೆ ಕೇಳಿದರು. 2018ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಮಸೂದೆಯನ್ನು ತಳ್ಳಿಹಾಕಿತು. ಆ ಹೊತ್ತಿಗೆ ಶಾಲೆಯ ಹುಡುಗಿಯರ ಚೀಲಗಳ ಮೇಲೂ ಹಸಿರು ಬಟ್ಟೆ ಬಂದಿತ್ತು. ತಾಯಂದಿರು, ಅಜ್ಜಿಯರು ಶುರು ಮಾಡಿದ್ದನ್ನು ಮಕ್ಕಳು ಎತ್ತಿಕೊಂಡರು. 2020ರ ಡಿಸೆಂಬರ್ 30ರಂದು ಕಾನೂನು ಪಾಸಾಯಿತು. ಹಿರಿಯರು ಜಾಗ ಬಿಟ್ಟುಕೊಟ್ಟದ್ದರಿಂದ, ಆದರೆ ಜೊತೆ ಬಿಡದೇ ಇದ್ದದ್ದರಿಂದ ಇದು ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ.

ಜಾಗ ಬಿಟ್ಟುಕೊಡುವುದು ಎಂದರೆ ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟು ಫೋಟೋ ತೆಗೆಯುವುದಲ್ಲ. ದುಡ್ಡು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನ ಆಗುವ ಸಭೆಯಲ್ಲಿ ಅವರು ಇರಬೇಕು. ಎಳೆಯ ಸ್ತ್ರೀವಾದಿ ಗುಂಪುಗಳಿಗೆ ನೆರವು ಕೊಡಲೆಂದು 2010ರಲ್ಲಿ ಹುಟ್ಟಿದ ಫ್ರಿಡಾ ಎಂಬ ನಿಧಿ ಇದೆ. ಅಲ್ಲಿ ಅರ್ಜಿ ಹಾಕಿದ ಗುಂಪುಗಳೇ ಒಬ್ಬರ ಅರ್ಜಿಯನ್ನು ಇನ್ನೊಬ್ಬರು ಓದಿ ಮತ ಹಾಕುತ್ತವೆ. ಯಾರ ಕೆಲಸಕ್ಕೆ ಹಣ ಸಿಗಬೇಕು ಎನ್ನುವುದರಲ್ಲಿ ಅದೇ ಕೆಲಸ ಮಾಡುವವರ ಮಾತು ನಡೆಯುತ್ತದೆ.

ಸಂಘಟನೆ ನಡೆಸುವ ಹಿರಿಯ ಅಕ್ಕಂದಿರಿಗೆ ಕೆಲವು ಮಾತು ಹೇಳಲೇಬೇಕು. ಸಮಿತಿಗೆ ಒಬ್ಬಳೇ ಹುಡುಗಿಯನ್ನು ಹಾಕಬೇಡಿ, ಅವಳು ಬಾಯಿ ತೆರೆಯುವುದೇ ಕಷ್ಟ. ಕಡಿಮೆ ಅಂದ್ರೂ ಇಬ್ಬರಿರಲಿ, ಅವರಿಗೂ ಮತ ಇರಲಿ. ಸಭೆಯ ಕಾಗದಪತ್ರ ಮುಂಚೆಯೇ ಕೊಡಿ. ಬಸ್ ಖರ್ಚನ್ನು ಆಮೇಲೆ ಕೊಡುತ್ತೇವೆ ಅನ್ನಬೇಡಿ. ಕೈಯಲ್ಲಿ ದುಡ್ಡಿಲ್ಲದ ಹುಡುಗಿ ಹೊರಡುವುದೇ ಇಲ್ಲ. ತನ್ನ ಸ್ವಂತ ಕತೆಯನ್ನು ಜನರ ಮುಂದೆ ಹೇಳು ಎಂದು ಯಾರನ್ನೂ ಒತ್ತಾಯಿಸಬೇಡಿ. ಮೈಕ್ ಮುಂದೆ ಹೇಳಿದ ಒಂದು ಮಾತು ಅವಳಿಗಿಂತ ಮೊದಲು ಅವಳ ಮನೆ ತಲುಪಿರುತ್ತದೆ. ದೂರು ಗುಂಪಿನ ಹೆಸರಲ್ಲಿ ಹೋಗಲಿ, ಹೆಸರು ಬರೆಯದ ಹಾಳೆಗಳಿಂದ ಅಂಕ ಕೂಡಿಸಿ. ಆಸ್ಪತ್ರೆಗೆ ಕೇಳಲು ಹೋಗುವಾಗ ಜೊತೆಯಲ್ಲಿ ಹಿರಿಯರೊಬ್ಬರು ಹೋಗಿ, ಆದರೆ ಮಾತು ಹುಡುಗಿಯರೇ ಆಡಲಿ.

ಗುಂಪಿನಲ್ಲಿ ಯಾರಿಲ್ಲ ಎನ್ನುವುದನ್ನೂ ನೋಡಿ. ಓದುವ ಹುಡುಗಿಯರು ಸುಲಭವಾಗಿ ಸಿಗುತ್ತಾರೆ. ಓದು ಬಿಟ್ಟು ದುಡಿಯಲು ಹೋಗುವವರು, ಹದಿನೆಂಟಕ್ಕೆ ಮೊದಲೇ ಮದುವೆಯಾದವರು, ಅಂಗವಿಕಲರು ಬಿಟ್ಟುಹೋಗುತ್ತಾರೆ. ಕಿವಿ ಕೇಳದ ಹುಡುಗಿಯೊಬ್ಬಳನ್ನು ನೆನಪು ಮಾಡಿಕೊಳ್ಳಿ. ಡಾಕ್ಟರ ಹತ್ತಿರ ಅವಳ ಪರವಾಗಿ ಮಾತಾಡುವುದು ಅವಳ ತಾಯಿ. ತಾಯಿಗೆ ಹೇಳಲಾಗದ ವಿಷಯವನ್ನು ಅವಳು ಡಾಕ್ಟರಿಗೆ ಹೇಗೆ ಹೇಳಬೇಕು? ಸನ್ನೆ ಭಾಷೆ ಬಲ್ಲ ಹೊರಗಿನವರು ಅವಳಿಗೆ ಬೇಕು. ಆ ಮಾತನ್ನು ಅವಳೇ ಹಾಳೆಯ ಮೇಲೆ ಬರೆಯುವ ತನಕ ಬೇರೆ ಯಾರಿಗೂ ಹೊಳೆಯುವುದಿಲ್ಲ.

ಎರಡನೇ ಸಲ ಅಂಕ ಹಾಕುವಾಗ ಒಂದು ವಿಚಿತ್ರ ಆಗುವುದುಂಟು. ಪರದೆ ಬಂದಿದೆ, ಕಿಟಕಿಯಲ್ಲಿ ಕೂತವರು ಈಗ ಮೆಲ್ಲಗೆ ಮಾತಾಡುತ್ತಾರೆ. ಆದರೂ ಕೆಲವು ಅಂಕ ಇಳಿದಿರುತ್ತದೆ. ಕಾರ್ಯಕರ್ತರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಮೊದಲ ಸಲ ಬೈಗುಳ ತಿನ್ನದೆ ಮಾತ್ರೆ ಸಿಕ್ಕಿದರೆ ಸಾಕು ಅಂದುಕೊಂಡಿದ್ದವರು ಈಗ, ಈ ಮಾತ್ರೆ ಯಾತಕ್ಕೆ, ಬೇರೆ ದಾರಿ ಇದೆಯಾ ಎಂದು ಕೇಳುತ್ತಿದ್ದಾರೆ. ಹಾಳೆಯ ಕೆಳಗೆ ಅವರೇ ಗೆರೆ ಎಳೆದು ಹೊಸ ಸಾಲುಗಳನ್ನು ಸೇರಿಸಿರುತ್ತಾರೆ. ಮುಂದಿನ ಸಭೆಯನ್ನು ಆ ಸಾಲುಗಳಿಂದಲೇ ಶುರು ಮಾಡಿ.

ನಮಸ್ಕಾರ.